ಎರಡು ಸಲ ಬ್ಯಾಡ್ರಿ

ಈ ಫ್ಯಾನಿಗೆ ಎಣ್ಣೆ ಬಿಟ್ಟು ಎಷ್ಟು ದಿನವಾಯಿತೋ, ಒಮ್ಮೆ ಟಕ್ ಅನ್ನುತ್ತದೆ, ಆಮೇಲೆ ಸುಮ್ಮನಿರುತ್ತದೆ, ಮರೆತೆ ಅನ್ನುವಷ್ಟರಲ್ಲಿ ಮತ್ತೆ ಟಕ್ — ಒಂದೇ ಸಮ ಸದ್ದಾದರೆ ಸಹಿಸುತ್ತೇನೆ, ಕೆಳಗಡೆ ಛಾಪಖಾನೆಯ ಯಂತ್ರ ಇದೆಯಲ್ಲ, ಧಡಕ್ ಧಡಕ್, ಎಷ್ಟು ನಿಯತ್ತಿನದು, ಮನುಷ್ಯರ ಹಾಗಲ್ಲ — ಅಫ್ರೀನ ಅಂದ್ರ ನೀವ ಏನ್ರಿ, ಎದುರಿಗೆ ಕೂತ ಮಾಲೀಕರು ಪುಂಡಲೀಕಪ್ಪನವರು ಕೇಳುತ್ತಿದ್ದಾರೆ, ಹೌದ್ರಿ, ಬೆಟಗೇರಿಯವರೇನ್ರಿ, ಹೌದ್ರಿ. ಕಣ್ಣು ನೋಡಬೇಕು. ಕಣ್ಣು ನೋಡಿದರೆ ಮಾತು ಕೇಳಿಸುವುದಿಲ್ಲ, ಮಾತು ಕೇಳಿದರೆ ಕಣ್ಣು ನೋಡಲಾಗುವುದಿಲ್ಲ, ಎರಡೂ ಒಟ್ಟಿಗೆ ಬೇಕೆನ್ನುವವರು ಒಂದು ಸಲ ನನ್ನ ತಲೆಯೊಳಗೆ ಕೂತು ನೋಡಲಿ. ಹಣಿ ನೋಡು, ಅವರಿಗೆ ಕಣ್ಣ ನೋಡಿದಂಗ ಅನಸ್ತೈತಿ ಅಂದಿದ್ದಳು ಅಮ್ಮಿ, ಇವರ ಹಣೆಯ ಮೇಲೆ ವಿಭೂತಿ, ನಡುವಿನ ಗೆರೆ ಬೆವರಿಗೆ ಅರ್ಧ ಅಳಿಸಿದೆ, ಒರೆಸಿ ಸರಿಮಾಡಬೇಕು ಅನ್ನಿಸುತ್ತಿದೆ, ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದೇನೆ. ಲಕ್ಷ್ಮೇಶ್ವರದ ಬಟ್ಟೆ ಅಂಗಡಿಗೆ ಕೆಲಸ ಕೇಳಲು ಹೋದಾಗ ನಿಮ್ಮ ಬಗ್ಗೆ ಹೇಳ್ರಿ ಅಂದರು, ಹುಟ್ಟಿದಾಗಿನಿಂದ ಶುರು ಮಾಡಿದೆ, ನಕ್ಕರು, ಮುಂಡರಗಿಯ ಶಾಲೆಯವರು ನಗಲೂ ಇಲ್ಲ, ಖಬರ ಮಾಡತೀವಿ ಅಂದರು, ನಾನು ಫೋನು ಕೈಯಲ್ಲೇ ಹಿಡಿದು ಕಾದೆ, ಕೊನೆಗೆ ಅಮ್ಮಿ, ಹಂಗಂದ್ರ ಇಲ್ಲ ಅಂತ ಬೇಟಿ, ಅಂದಳು. ಇಲ್ಲ ಅನ್ನುವುದಕ್ಕೆ ಇಲ್ಲ ಅಂದರೆ ಇವರ ಗಂಟೇನು ಹೋಗುತ್ತದೆ? ಧಾರವಾಡದ ಡಾಕ್ಟರು ಆಟಿಸಂ ಅಂದಾಗ ಅಮ್ಮಿ ಅತ್ತಳು, ನನಗೆ ಖುಷಿಯೇ ಆಗಿತ್ತು, ಅದಕ್ಕೊಂದು ಹೆಸರಿದೆ ಅಂದರೆ ನನ್ನಂಥವರು ಇನ್ನೂ ಇದ್ದಾರೆ.

ಇಲ್ಲಿ ಹೆಸರು, ಊರು ಬಿಟ್ಟರೆ ನನ್ನ ಬಗ್ಗೆ ಕೇಳಲಿಲ್ಲ, ಮಾಡಿ ತೋರಿಸಲು ಒಂದು ಕೆಲಸ ಕೊಟ್ಟರು, ಹಿರೇಹಂದಿಗೋಳದ ಯಾರದೋ ಲಗ್ನಪತ್ರಿಕೆ, ಕಂಪ್ಯೂಟರಿನಲ್ಲಿ ಜೋಡಿಸಿಕೊಡಿ ಅಂತ, ಗೋಡೆಗೆ ಮುಖ ಮಾಡಿದ ಮೇಜು, ಎದುರಿಗೆ ಯಾರೂ ಇಲ್ಲ, ಅಕ್ಷರಗಳು ಇಟ್ಟಲ್ಲೇ ಕೂರುತ್ತವೆ, ಯಾ ಅಲ್ಲಾ, ಈ ಮೇಜು ನನಗೆ ಬೇಕು, ಇಷ್ಟು ಯಾವುದನ್ನೂ ಬೇಡಿದವಳಲ್ಲ. ಛಲೋ ಕೂಡಿಸೀರಿ ಅಂದರು ಹಾಳೆ ನೋಡಿ. ಕಳಕೇಶ ಅಂತ ಕೆಲಸದವರು ಚಹಾ ತಂದರು, ತಗೋರಿ ಅಂದರು, ಬ್ಯಾಡ್ರಿ ಅಂದೆ, ತಗೋರಿ, ಬ್ಯಾಡ್ರಿ, ಅಯ್ಯ ತಗೋರಿ ಅಂದಾಗ ತೆಗೆದುಕೊಂಡೆ. ಇದು ಬಾಯಿಪಾಠ. ಶಿರಹಟ್ಟಿಯ ಮದುವೆಯಲ್ಲಿ ತಟ್ಟೆ ಮುಂದೆ ಬಂದ ಕೂಡಲೇ ಲಾಡು ಎತ್ತಿಕೊಂಡೆ, ಚಾಚಿಯರು ಸೆರಗು ಬಾಯಿಗೆ ಹಿಡಿದು ನಕ್ಕರು, ಮನೆಗೆ ಬಂದು ಅಮ್ಮಿ ಎದುರಿಗೆ ಕೂರಿಸಿ ಕಲಿಸಿದಳು, ಯಾರ ಏನ ಕೊಟ್ರೂ ಒಮ್ಮೆಲೇ ಹೂಂ ಅನಬ್ಯಾಡ, ಎರಡ ಸಲ ಬ್ಯಾಡ ಅನ್ನು, ಮೂರನೇ ಸಲಕ್ಕ ತಗೋ. ಊರಿಗೆಲ್ಲ ಹುಟ್ಟುತ್ತಲೇ ಬರುವ ವಿದ್ಯೆ, ನನಗೆ ಮಾತ್ರ ಕಲಿತು ಬಂದಿದೆ. ಚಹಾದಲ್ಲಿ ತಪ್ಪಲಿಲ್ಲ, ಶಾಬಾಸ್ ಅಫ್ರೀನ.

ಹಂಗಾರ ಸೋಮವಾರದಿಂದ ಬರ್ರಿ, ಅನ್ನುತ್ತಿದ್ದಾರೆ ಪುಂಡಲೀಕಪ್ಪನವರು, ನನ್ನ ಹೆಸರು ಬರೆದುಕೊಳ್ಳಲು ಪೆನ್ನಿನ ಟೋಪಿ ತೆಗೆದಿದ್ದಾರೆ, ಕೊಡುತ್ತಿದ್ದಾರೆ, ನನಗೆ ಕೆಲಸ ಕೊಡುತ್ತಿದ್ದಾರೆ, ಒಮ್ಮೆಲೇ ಹೂಂ ಅನ್ನಬಾರದು, ಬ್ಯಾಡ್ರಿ ಅಂದೆ. ಹುಬ್ಬು ಮೇಲೇರಿತು. ಯಾಕ್ರಿ, ಪಗಾರ ಕಮ್ಮಿ ಆತೇನು, ಬರ್ರಿ, ಮುಂದ ನೋಡೂಣು, ಅಂದರು, ಇದು ಎರಡನೆಯದು, ಎಲ್ಲ ಸರಿಯಾಗಿ ನಡೆಯುತ್ತಿದೆ, ಸ್ವಲ್ಪ ನಗು ಸೇರಿಸಿ ಬ್ಯಾಡ್ರಿ ಅಂದೆ. ಇನ್ನೊಂದು ಸಲ, ಇನ್ನೊಂದೇ. ಅವರು ಕೇಳುತ್ತಿಲ್ಲ. ಆತು ಬಿಡ್ರಿ, ನಿಮ್ಮ ಖುಷಿ, ಅಂದರು, ಪೆನ್ನಿನ ಟೋಪಿ ಕೈಗೆತ್ತಿಕೊಂಡರು — ಯಾಕೆ, ಕಳಕೇಶ ಕೇಳಿದರಲ್ಲ, ಚಹಾಕ್ಕೆ ಮೂರು, ಕೆಲಸಕ್ಕೆ ಎರಡೇ ಏನು, ಇದನ್ನು ಯಾರೂ ಹೇಳಲಿಲ್ಲ, ಅಮ್ಮಿಯೂ ಹೇಳಲಿಲ್ಲ, ಟೋಪಿ ಪೆನ್ನಿನ ಹತ್ತಿರ ಬರುತ್ತಿದೆ, ಹಾಕಿಬಿಟ್ಟರೆ ಮುಗಿಯಿತು, ಭಯವಾಗುತ್ತಿದೆ, ಎತ್ತ ನೋಡಬೇಕು ಎಂಬುದೂ ಮರೆತುಹೋಗಿದೆ, ಪೆನ್ನನ್ನೇ ನೋಡುತ್ತ ಅಂದುಬಿಟ್ಟೆ, "ಇನ್ನೊಂದ ಸಲ ಕೇಳ್ರಿ, ಮೂರನೇ ಸಲಕ್ಕ ಹೂಂ ಅಂತೀನ್ರಿ" — ಅವರ ಕೈ ನಿಂತಿದೆ, ಟೋಪಿ ಪೆನ್ನಿನ ತುದಿಯಲ್ಲಿ, ಹಾಕಿಲ್ಲ, ತೆಗೆದೂ ಇಲ್ಲ, ಪೆನ್ನಿನ ತುದಿಯಲ್ಲಿ ಟೋಪಿ, ಟೋಪಿ