ಎಡಗೈಗೆ ಮರ ಕಲಿಸಿದವರು

ನಮ್ಮ ಬೀದಿಯ ಹಗ್ಗದ ಮಾವ ನೆಲದ ಮೇಲೆ ನಡೆಯುವುದನ್ನು ಮೊದಲ ಸಲ ನೋಡಿದವರಿಗೆ, ಅಯ್ಯೋ ಪಾಪ, ಈ ಮನುಷ್ಯನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವೇನೋ ಎಂಬ ಸಂಶಯ ಬರುತ್ತದೆ. ಪ್ರತಿ ಹೆಜ್ಜೆಯನ್ನೂ ಅವರು ಮೊದಲು ಕಾಲ್ಬೆರಳ ತುದಿಯಿಂದ ಊರಿ, ಅರೆಗಳಿಗೆ ತಡೆದು, ನೆಲ ತಮ್ಮ ಭಾರ ಹೊರಲು ಸಿದ್ಧವಿದೆಯೆಂದು ಖಾತ್ರಿಯಾದ ಮೇಲೆಯೇ ಹಿಮ್ಮಡಿಯನ್ನು ಇಳಿಸುತ್ತಾರೆ. ಕಾಂಕ್ರೀಟಿನ ಕಾಲುದಾರಿಯಲ್ಲೂ ಅಷ್ಟೇ, ಸ್ವಂತ ಅಡುಗೆಮನೆಯಲ್ಲೂ ಅಷ್ಟೇ. ಮೂವತ್ತೊಂದು ವರ್ಷ ಕೊಂಬೆಗಳ ಮೇಲೆ ಕಾಲಿಟ್ಟು ಬದುಕಿದವರಿಗೆ ಭೂಮಿಯೂ ಒಂದು ದೊಡ್ಡ ಕೊಂಬೆಯೇ. ಕುರ್ಚಿ ಕೊಟ್ಟರೆ ಕೂರುವ ಮುನ್ನ ಅದರ ಬೆನ್ನನ್ನು ಒಮ್ಮೆ ಅದುಮಿ, "ತೂಕ ಹಾಕಿ ನೋಡೋಣ" ಎನ್ನುತ್ತಾರೆ. ಈ ಮಾತು ಅವರಿಗೆ ಎಲ್ಲಿಗೂ ಸಲ್ಲುತ್ತದೆ. ಅಣ್ಣನ ಮಗಳಿಗೆ ಗಂಡು ಗೊತ್ತಾದಾಗ, ಹುಡುಗ ಹೇಗಿದ್ದಾನೆ ಎಂದು ಕೇಳಿದವರಿಗೆ, "ನೋಡೋಕೆ ಚೆನ್ನಾಗಿದಾನೆ. ತೂಕ ಹಾಕಿ ನೋಡೋಣ" ಎಂದುಬಿಟ್ಟು ಎರಡೂ ಕಡೆಯ ಬೀಗರನ್ನು ಗಾಬರಿಗೊಳಿಸಿದ ಪುಣ್ಯಾತ್ಮರು ಅವರು.

ಕಸುಬು ಮರ ಹತ್ತುವುದು. ರಸ್ತೆಯ ಮೇಲೆ ಬಾಗಿದ ಕೊಂಬೆ, ಶಾಲೆಯ ಅಂಗಳದ ಮೇಲೆ ತೂಗುವ ಒಣರೆಂಬೆ, ಕಚೇರಿಯ ಕಿಟಕಿಗೆ ಮುಖವಿಟ್ಟ ಹಸಿರು, ಇವುಗಳನ್ನೆಲ್ಲ ಮರಕ್ಕೆ ನೋವಾಗದಂತೆ ಕತ್ತರಿಸಿ ಇಳಿಸುವುದು. ಬೂಟಿಗೆ ಮುಳ್ಳು ಕಟ್ಟಿಕೊಂಡು ತೊಗಟೆಗೆ ಚುಚ್ಚುತ್ತಾ ಏರುವವರನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ. "ಬದುಕಿರೋ ಮರಕ್ಕೆ ಮೊಳೆ ಹೊಡೀತಾನಲ್ಲ, ಇವನ ಕೈ ಸೇದಿಹೋಗ" ಎಂದು ಬೈದರೇ ಅವರಿಗೆ ಸಮಾಧಾನ. ಅವರದು ಬರೀ ಹಗ್ಗ. ಪುಟ್ಟ ಮರಳುಚೀಲಕ್ಕೆ ತೆಳುದಾರ ಕಟ್ಟಿ ಎತ್ತರದ ಕವಲಿಗೆ ಬೀಸಿ ಎಸೆದು, ಆ ದಾರದ ಬೆನ್ನಿಗೆ ದಪ್ಪ ಹಗ್ಗವನ್ನು ಎಳೆದುಕೊಂಡು, ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಅವರು ಮೇಲೆ ಹೋದರೆ, ಕೆಳಗೆ ಹಗ್ಗದ ಇನ್ನೊಂದು ತುದಿ ಹಿಡಿದು ನಿಲ್ಲುವವರು ಅವರ ಹೆಂಡತಿ, ನಮಗೆಲ್ಲ ಅತ್ತೆ. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಹಗಲಿನ ಮುಕ್ಕಾಲು ಪಾಲು ಒಬ್ಬರು ಮೇಲೆ, ಒಬ್ಬರು ಕೆಳಗೆ. ಜಗಳವಾಡಬೇಕಾದರೆ ಕೂಗಿಯೇ ಆಡಬೇಕು. ಹೀಗಾಗಿ ಅವರ ಸಂಸಾರದ ಗುಟ್ಟುಗಳೆಲ್ಲ ಆಯಾ ಬೀದಿಯ ಸಾರ್ವಜನಿಕ ಆಸ್ತಿ.

ಮಾವನಿಗಿದ್ದ ಒಂದೇ ಒಂದು ಅಹಂಕಾರವೆಂದರೆ ಬಲತೋಳಿನದು. ಹಗ್ಗ ಏರಲು ಬುದ್ಧಿವಂತರು ಕಾಲನ್ನು ಬಳಸುತ್ತಾರೆ: ಒಂದು ಪಾದಕ್ಕೆ ಹಗ್ಗ ಸುತ್ತಿ, ಇನ್ನೊಂದು ಪಾದದಿಂದ ಅದನ್ನು ಅಮುಕಿ, ಮೆಟ್ಟಿಲ ಮೇಲೆ ಎದ್ದು ನಿಂತಂತೆ ಎದ್ದು ನಿಲ್ಲುವುದು, ಕೈಗೆ ಬರೀ ಹಿಡಿದುಕೊಳ್ಳುವ ಕೆಲಸ. ಇದನ್ನು ಅತ್ತೆ ಹೇಳಿ ಹೇಳಿ ಸಾಕಾಗಿದ್ದರು. ಮಾವ ಕೇಳಬೇಕಲ್ಲ! ಬಲಗೈಯಿಂದ ಸೆಳೆದು, ಎಡಗೈಯಿಂದ ತಡೆದು, ಮತ್ತೆ ಬಲಗೈಯಿಂದ ಸೆಳೆದು, ಯೌವನದಲ್ಲಿ ಕಲಿತ ಒಂದೇ ರಾಗವನ್ನು ಐವತ್ತು ದಾಟಿದ ಮೇಲೂ ಹಾಡುತ್ತಿದ್ದರು. ಅವರ ಖಾಕಿ ಕೋಟಿನ ಬಲತೋಳಿಗೆ ಮೂರು ತೇಪೆ ಬಿದ್ದಿತ್ತು, ಎಡತೋಳು ನಿನ್ನೆ ಅಂಗಡಿಯಿಂದ ತಂದಷ್ಟು ಹೊಸದಾಗಿತ್ತು. ನಾವು ಯಾರೂ ಅದರಲ್ಲಿ ವಿಶೇಷವೇನನ್ನೂ ಕಾಣಲಿಲ್ಲ.

ಭುಜದ ನೋವನ್ನು ಮಾವ ಎಂಟು ತಿಂಗಳು ಮುಚ್ಚಿಟ್ಟರು. ಕೋಟನ್ನು ಮೊಳೆಗೆ ತೂಗುಹಾಕುವ ಬದಲು ಕುರ್ಚಿಯ ಮೇಲೆ ಎಸೆಯತೊಡಗಿದರು. ಮೇಲಿನ ಕಪಾಟಿನ ಡಬ್ಬ ಬೇಕಾದರೆ ಅದು ಬೇಡವೇ ಬೇಡವೆಂದರು. ಆದರೆ ಅತ್ತೆಯ ಕೈಯಲ್ಲಿ ಹಗ್ಗವಿತ್ತಲ್ಲ. ಮೊದಲೆಲ್ಲ ಅದು ಅಂಗೈಯಲ್ಲಿ ಒಂದೇ ಲಯದಲ್ಲಿ ಸರಿಯುತ್ತಿತ್ತು. ಈಗ ಮೂರು ಸೆಳೆತಕ್ಕೊಮ್ಮೆ ನಿಂತು, ಉಸಿರು ತೆಗೆದುಕೊಂಡು ಮುಂದುವರಿಯುತ್ತಿತ್ತು. ಒಂದು ಮಧ್ಯಾಹ್ನ ಗ್ರಂಥಾಲಯದ ಹಿಂದಿನ ಮರದಿಂದ ಮಾವ ಇಳಿದಾಗ ಅತ್ತೆ ಹಗ್ಗ ಸುತ್ತುತ್ತಲೇ ಕೇಳಿದರು:

"ಯಾವಾಗಿಂದ?"

"ಏನು ಯಾವಾಗಿಂದ?"

"ನನ್ನ ಹತ್ರ ಆಟ ಕಟ್ಟಬೇಡಿ. ನೀವು ಸುಳ್ಳು ಹೇಳಬಹುದು, ಹಗ್ಗ ಹೇಳಲ್ಲ."

ಆಸ್ಪತ್ರೆಯಲ್ಲಿ ಅವರನ್ನು ನೋಡಿದ ಡಾಕ್ಟರಮ್ಮ ಮೈಕೈ ವ್ಯಾಯಾಮದ ಚಿಕಿತ್ಸೆಯಲ್ಲಿ ನುರಿತವರು, ಮಾತಿನಲ್ಲಿ ಕಡ್ಡಿ ಮುರಿದಂತೆ. ಎರಡೂ ತೋಳುಗಳನ್ನು ಎತ್ತಿಸಿ, ತಿರುಗಿಸಿ, ಒತ್ತಿ ನೋಡಿ, "ನಿಮ್ಮ ಎಡಭುಜಕ್ಕೆ ನಲವತ್ತು ವರ್ಷ, ಬಲಭುಜಕ್ಕೆ ಎಪ್ಪತ್ತು" ಎಂದರು. "ಇದೇ ಥರ ಹತ್ತಿದ್ರೆ ಇನ್ನು ಆರು ತಿಂಗಳು. ಆಮೇಲೆ ಮರದ ಮಾತಿರಲಿ, ಅಂಗಿ ಹಾಕ್ಕೊಳ್ಳೋಕೂ ಇವರನ್ನೇ ಕರೀಬೇಕು" ಎಂದು ಜೊತೆಗೆ ಬಂದಿದ್ದ ಅತ್ತೆಯತ್ತ ಕೈ ತೋರಿಸಿದರು. ಮರ ಹತ್ತುವವರಿಗೆ ಪ್ರತಿ ವರ್ಷ ವೈದ್ಯರ ಪತ್ರ ಬೇಕು, ಅದಿಲ್ಲದೆ ಯಾರೂ ಕೆಲಸ ಕೊಡುವಂತಿಲ್ಲ. ಡಾಕ್ಟರಮ್ಮ ಆ ವರ್ಷದ ಪತ್ರಕ್ಕೆ ಸಹಿ ಹಾಕಲಿಲ್ಲ. ನಾಲ್ಕು ತಿಂಗಳು ಕೊಟ್ಟರು. ಅಷ್ಟರಲ್ಲಿ ಕಾಲಿನಿಂದ ಏರುವುದನ್ನೂ, ಎಡಗೈ ಮುಂದಾಗಿ ಕೆಲಸ ಮಾಡುವುದನ್ನೂ ಕಲಿತು, ಆಸ್ಪತ್ರೆಯ ಅಂಗಳದ ಮರವನ್ನು ತಮ್ಮ ಕಣ್ಣೆದುರೇ ಹತ್ತಿ ತೋರಿಸಬೇಕು. ಆಗದಿದ್ದರೆ ಪತ್ರವಿಲ್ಲ, ಮರವೂ ಇಲ್ಲ.

ಮನೆಗೆ ಬಂದ ಮಾವ ಎರಡು ದಿನ ಹಗ್ಗವನ್ನು ಬಿಚ್ಚುತ್ತಾ ಸುತ್ತುತ್ತಾ ಕಳೆದರು. ಅವರು ಹೆದರಿದ್ದರು. ಹಗ್ಗವಿಲ್ಲದ ಹಗ್ಗದ ಮಾವ ಬೆಳಗಾಗೆದ್ದು ಎಲ್ಲಿಗೆ ಹೋಗಬೇಕು, ಏನು ಮಾಡಬೇಕು? ಮೂರನೆಯ ದಿನ ಹಲ್ಲುಜ್ಜುವ ಬ್ರಶ್ಶನ್ನು ಎಡಗೈಗೆ ತೆಗೆದುಕೊಂಡರು.

ಆಮೇಲಿನ ನಾಲ್ಕು ತಿಂಗಳು ನಮ್ಮ ಬೀದಿಗೆ ಪುಕ್ಕಟೆ ಮನರಂಜನೆ. ಎಡಗೈಯಲ್ಲಿ ಚಮಚ ಹಿಡಿದು ಮೂಗಿಗೆ ಉಣಿಸಿದರು. ಎಡಗೈಯಲ್ಲಿ ಸಹಿ ಹಾಕಿ ಅಂಚೆಯವನ ಅನುಮಾನಕ್ಕೊಳಗಾದರು. ಊಟದ ಮೇಜಿನ ಕಾಲಿಗೆ ಹಗ್ಗ ಬಿಗಿದು ದಿನಕ್ಕೆ ನಲವತ್ತು ಸಲ ಗಂಟು ಹಾಕಿ ಬಿಚ್ಚುತ್ತಿದ್ದುದರಿಂದ ಆ ಮೇಜು ಕ್ರಮೇಣ ಅಡುಗೆಮನೆಯಿಂದ ನಡುಮನೆಗೆ ವಲಸೆ ಬಂತು. ಬಾಗಿಲಿಗೆ ರಬ್ಬರ್ ಪಟ್ಟಿ ಕಟ್ಟಿ ಎಳೆಯುವುದು, ಬಾಯಾರುವ ಮೊದಲೇ ನೀರು ಕುಡಿಯುವುದು, ಗಂಟೆಗೊಮ್ಮೆ ಬೆರಳು ಬಿಡಿಸಿ ಮುಂಗೈ ನೀವಿಕೊಳ್ಳುವುದು, ಎಲ್ಲವೂ ಅತ್ತೆಯ ಉಸ್ತುವಾರಿಯಲ್ಲಿ. ಮೈ ಬಿಸಿ ಮಾಡಿಕೊಳ್ಳುವ ಹತ್ತು ನಿಮಿಷದ ವ್ಯಾಯಾಮಕ್ಕೆ ಮಾತ್ರ ಮಾವನಿಗೆ ಎಲ್ಲಿಲ್ಲದ ನಾಚಿಕೆ. ಮೊದಲು ಮನೆಯ ಮುಂದೆ ನಿಲ್ಲಿಸಿದ್ದ ತಮ್ಮ ವ್ಯಾನಿನ ಬಾಗಿಲ ಮರೆಯಲ್ಲಿ ತೋಳು ಬೀಸುತ್ತಿದ್ದರು. ಒಂದು ದಿನ ಎದುರಿನ ಕಟ್ಟಡದ ಕಾವಲುಗಾರ ತನಗೂ ಬೆನ್ನುನೋವೆಂದು ಪಕ್ಕದಲ್ಲಿ ಬಂದು ನಿಂತ. ವಾರದೊಳಗೆ ಆರು ಜನರಾದರು, ಕಟಿಂಗ್ ಅಂಗಡಿಯವನೂ ಸೇರಿ.

ಅದೇ ಕಟಿಂಗ್ ಅಂಗಡಿಯವನು ಒಮ್ಮೆ ಕಾಲೆಳೆದ: "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗತ್ತಾ ಮಾವಾ?"

ಮಾವ ಗಂಟಿನಿಂದ ಕಣ್ಣೆತ್ತಲಿಲ್ಲ. "ನೀನು ಮರ ನೋಡಿಲ್ಲ ಬಿಡು. ಮರ ಸಾಯೋವರೆಗೂ ಬಗ್ಗತ್ತೆ ಕಣಯ್ಯ, ಬೆಳಕಿರೋ ಕಡೆಗೆ. ಸ್ವಲ್ಪ ನಿಧಾನ, ಅಷ್ಟೇ."

ಪರೀಕ್ಷೆಯ ಬೆಳಿಗ್ಗೆ ಆಸ್ಪತ್ರೆಯ ಅಂಗಳಕ್ಕೆ ಬೀದಿಯ ಅರ್ಧ ಜನ ಬಂದಿದ್ದೆವು. ಡಾಕ್ಟರಮ್ಮ ಕೈಕಟ್ಟಿ ನಿಂತಿದ್ದರು. ಈ ದಂಪತಿಗಳದೊಂದು ಪದ್ಧತಿಯಿದೆ: ಏರುವ ಮೊದಲು, ಮಾವ ಹಗ್ಗಕ್ಕೆ, ಕೈಯಿಂದ ಸರಿಸಿದರೆ ಸರಿಯುವ, ಭಾರ ಬಿದ್ದರೆ ಕಚ್ಚುವ ಗಂಟು ಬಿಗಿದು, ನೆಲದಿಂದ ಒಂದು ಗೇಣು ಮೇಲೆ ಮೊಣಕಾಲು ಮಡಚಿ ಜೋತುಬೀಳುತ್ತಾರೆ, ಅತ್ತೆಯೂ ಅವರ ಸೊಂಟದ ಪಟ್ಟಿ ಹಿಡಿದು ಕಾಲೆತ್ತಿ ತೂಗುತ್ತಾರೆ. ಒಬ್ಬರನ್ನು ಮೇಲೊಯ್ಯಬೇಕಾದ ಹಗ್ಗ ಇಬ್ಬರನ್ನು ಕೆಳಗೇ ಹೊತ್ತು ತೋರಿಸಬೇಕೆಂಬ ಲೆಕ್ಕ. ಈ ವಯಸ್ಸಿನಲ್ಲಿ ಉಯ್ಯಾಲೆ ಬೇಕಿತ್ತಾ ಎಂದು ದಾರಿಹೋಕರು ನಗುವುದು ಅವರಿಗೆ ಅಭ್ಯಾಸವಾಗಿಹೋಗಿದೆ. ಅಂದು ಮಾವ ಎಡಗೈಯಿಂದ ಗಂಟು ಹಾಕಿದರು. ಅತ್ತೆ ಬಗ್ಗಿ ನೋಡಿದರು. ಹಳೆಯ ಗಂಟೇ ಕನ್ನಡಿಯಲ್ಲಿ ಕಂಡಂತಿತ್ತು, ಸರಿಯೆಂದು ತಲೆಯಾಡಿಸಿದರು. ಇಬ್ಬರೂ ಜೋತುಬಿದ್ದರು. ಸರ್ರನೆ ಸದ್ದಾಯಿತು. ಗಂಡಹೆಂಡಿರಿಬ್ಬರೂ ಡಾಕ್ಟರಮ್ಮನ ಕಾಲ ಬುಡದಲ್ಲಿ ಧೊಪ್ಪೆಂದು ಕುಳಿತಿದ್ದರು.

ಯಾರೂ ನಗಲಿಲ್ಲ. ಕೈ ಬದಲಾದ ಗಡಿಬಿಡಿಯಲ್ಲಿ ಕೊನೆಯ ಸುತ್ತು ಅಡಿಯಿಂದ ಬರಬೇಕಾದದ್ದು ಮೇಲಿನಿಂದ ಬಂದದ್ದು ಅತ್ತೆಯ ಕಣ್ಣಿಗೂ ಬೀಳದೆ, ಗಂಟು ಹಗ್ಗವನ್ನು ಕಚ್ಚದೆ ಜಾರಿತ್ತು. ಮಾವನ ಮುಖ ಕಪ್ಪಿಟ್ಟಿತು. ಅವರ ಬಲಗೈ ತಾನಾಗಿಯೇ ಹಗ್ಗದ ಕಡೆ ಹೋಯಿತು. ಅದಕ್ಕೆ ಆ ಗಂಟು ನಿದ್ದೆಯಲ್ಲೂ ಗೊತ್ತು, ಕಣ್ಣು ಮಿಟುಕಿಸುವುದರಲ್ಲಿ ಹಾಕಿ ಮರದ ತುದಿಯಲ್ಲಿ ಕೂತಿರುತ್ತಿತ್ತು. ಆದರೆ ಬಲಗೈಯ ಗಂಟು ಬಲಕ್ಕೇ ಕೂರುತ್ತದೆ, ದಾರಿಯುದ್ದಕ್ಕೂ ಅದನ್ನು ಸರಿಸುವ ಕೆಲಸ ಬಲಭುಜದ ಪಾಲಿಗೇ ಬೀಳುತ್ತದೆ. ಅತ್ತೆ ಸೀರೆಯ ಮಣ್ಣು ಕೊಡವಿಕೊಳ್ಳುತ್ತಾ ಎತ್ತಲೋ ನೋಡಿದರು. ಮಾವ ಬಲಗೈಯನ್ನು ಬೆನ್ನ ಹಿಂದೆ ಒಯ್ದು ಪಟ್ಟಿಗೆ ಸಿಕ್ಕಿಸಿದರು. ಎಡಗೈಯಿಂದ, ಅಕ್ಷರಾಭ್ಯಾಸದ ಕೂಸು ಅಕ್ಷರ ತಿದ್ದುವ ನಿಧಾನದಲ್ಲಿ, ತುಟಿ ಕಚ್ಚಿಕೊಂಡು, ಒಂದೊಂದೇ ಸುತ್ತು ಬಿಚ್ಚಿ ಒಂದೊಂದೇ ಸುತ್ತು ಹಾಕಿದರು. ಮತ್ತೆ ಇಬ್ಬರೂ ಜೋತುಬಿದ್ದರು. ಈ ಸಲ ಗಂಟು ಕಚ್ಚಿತು.

ಆಮೇಲಿನದು ನೋಡಲು ಬಹಳ ಸಾಧಾರಣವಾಗಿತ್ತು. ಪಾದಕ್ಕೆ ಹಗ್ಗ ಸುತ್ತುವುದು, ಎದ್ದು ನಿಲ್ಲುವುದು, ಸುತ್ತುವುದು, ಎದ್ದು ನಿಲ್ಲುವುದು. ಮಹಡಿಗೆ ಹೋಗುವ ಮನುಷ್ಯನಿಗಿರುವಷ್ಟೇ ಆತುರ. ಮಾವ ಕವಲು ಮುಟ್ಟಿ ಎಲೆಗಳ ನಡುವೆ ಮರೆಯಾದಾಗ ಅತ್ತೆಯ ಕಣ್ಣಲ್ಲಿ ನೀರಿತ್ತು. ಹಗ್ಗ ಒಂದು ಸಲವೂ ನಿಲ್ಲಲಿಲ್ಲ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಇಳಿದು ಬಂದವರು ಡಾಕ್ಟರಮ್ಮನ ಮುಂದೆ ತಲೆತಗ್ಗಿಸಿ ನಿಂತು, "ಮೊದಲ್ನೇ ಸಲ ಬಿದ್ದುಬಿಟ್ಟೆ. ಲೆಕ್ಕಕ್ಕಿದ್ರೆ ಹೇಳಿಬಿಡಿ" ಎಂದರು.

"ಬಿದ್ದಿದ್ದು ಲೆಕ್ಕಕ್ಕಿದೆ" ಎಂದರು ಡಾಕ್ಟರಮ್ಮ, ಪತ್ರವನ್ನು ಅತ್ತೆಯ ಬೆನ್ನಿಗೆ ಆನಿಸಿ ಸಹಿ ಹಾಕುತ್ತಾ. "ಒಂದು ಗೇಣಿಂದ ಬಿದ್ರಲ್ಲ, ಎಲ್ಲರೂ ನೋಡೋ ಹಾಗೆ. ಹಾಗೆ ಬೀಳೋಕೆ ಒಪ್ಪೋವರನ್ನ ಮರ ಹತ್ತಿಸಬಹುದು."

ಕಸುಬಿನಲ್ಲಿ ಪಳಗಿದವರು ಲೋಕದಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ತಮಗೆ ಕರಗತವಾದದ್ದನ್ನು ಬಿಗಿಯಾಗಿ ಹಿಡಿದುಕೊಂಡು, ಅದು ಕೈಬಿಟ್ಟ ದಿನ ಲೋಕವನ್ನೇ ಶಪಿಸುತ್ತಾ ಕೂರುವವರೂ ಅವರಲ್ಲಿ ಬಹಳ ಮಂದಿ. ಪೂರಾ ಪಳಗಿದ ಮೇಲೆ, ಹತ್ತು ಜನರ ಎದುರಿಗೆ, ಮತ್ತೊಮ್ಮೆ ಏನೂ ಬಾರದವರಾಗಲು ಒಪ್ಪುವ ಜಾತಿಯ ಜನ ಅಪರೂಪ. ಇಂಥವರಿಗೆ ಮುಪ್ಪು ಬರುವುದಿಲ್ಲವೆಂದಲ್ಲ, ಬರುತ್ತದೆ. ಆದರೆ ಬಂದಾಗ ಅವರು ಏನನ್ನೋ ಕಲಿಯುತ್ತಾ ಕೂತಿರುತ್ತಾರೆ, ಅದು ಬಾಗಿಲಲ್ಲೇ ಕಾಯಬೇಕಾಗುತ್ತದೆ.