ಸೋತ ಕರುವಿಗೆ ಮೊದಲು

ಆ ಡೈರಿಯಲ್ಲಿ ಎಲ್ಲರೂ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದರು. ಹಾಗೆ ಕರೆಯಬೇಕಾದ ಸ್ವಂತದವರು ಮಾತ್ರ ಒಬ್ಬರೂ ಇರಲಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದ ಹೆಂಗಸು; ಬೆಳಗಿನಿಂದ ಸಂಜೆವರೆಗೆ ಅವಳನ್ನು ಮುಟ್ಟುತ್ತಿದ್ದ ಜೀವಗಳೆಂದರೆ ಕೊಟ್ಟಿಗೆಯ ಮೂವತ್ತು ಕರುಗಳು. ಬಕೆಟ್ಟಿನಿಂದ ಹಾಲು ಕುಡಿಯುವುದು ಕರುವಿಗೆ ತಾನಾಗಿ ಬರುವುದಿಲ್ಲ. ಚಿಕ್ಕಮ್ಮ ಎರಡು ಬೆರಳು ಹಾಲಿಗೆ ಅದ್ದಿ ಬಾಯಿಗಿಡುವಳು. ಕರು ಬೆರಳು ಚೀಪುತ್ತ ಚೀಪುತ್ತ ಮೂತಿಯನ್ನು ಹಾಲಿಗಿಳಿಸುವುದು. "ಚಿಕ್ಕಮ್ಮನ ಕೈಗುಣ ಬಿಡಿ, ಕಲ್ಲಿಗೂ ಹಾಲು ಕುಡಿಸಿಬಿಡ್ತಾರೆ" ಎಂದು ಹಾಲು ಕರೆಯುವವನು ರೇಗಿಸುತ್ತಿದ್ದ.

ಈಗ ಎಂಟು ದಿನದಿಂದ ಆ ಕೊಟ್ಟಿಗೆಯ ಗತಿ ಹೇಳುವುದೇ ಬೇಡ. ಜ್ವರ, ರಕ್ತ ಬೆರೆತ ಭೇದಿ, ಗುಳಿಬಿದ್ದ ಕಣ್ಣು. ಎರಡು ಕರು ಸತ್ತವು, ಏಳು ಮಲಗಿದವು. ಸಗಣಿ ಪರೀಕ್ಷೆಗೆ ಹೋಗಿತ್ತು. ಬೆಳಿಗ್ಗೆ ಹತ್ತಕ್ಕೆ ದನದ ಡಾಕ್ಟರಮ್ಮ ವರದಿ ಹಿಡಿದು ಬಂದಳು.

"ಸಾಲ್ಮೊನೆಲ್ಲಾ, ಚಿಕ್ಕಮ್ಮ. ಕರುಳಿಗೆ ಹತ್ತೋ ರೋಗಾಣು. ಸಗಣೀಲೂ ಇರುತ್ತೆ, ಜೊಲ್ಲಲ್ಲೂ ಇರುತ್ತೆ. ನೀವು ಹಾಲು ಕುಡಿಸೋದು ಒಂದ್ಸಲ ತೋರಿಸ್ತೀರಾ?"

ಅವಳು ಹೆಮ್ಮೆಯಿಂದಲೇ ತೋರಿಸಿದಳು.

"ಮೊದಲು ಯಾವುದಕ್ಕೆ ಕುಡಿಸ್ತೀರಿ?"

"ಸೋತಿರೋದಕ್ಕೆ. ಗಟ್ಟಿಮುಟ್ಟಾಗಿರೋದು ಸ್ವಲ್ಪ ಕಾದರೆ ಅದರ ಗಂಟೇನು ಹೋಗುತ್ತೆ?"

"ಆಮೇಲೆ ಕೈ?"

"ಬಟ್ಟೆಗೆ ಒರೆಸ್ಕೋತೀನಿ."

ಡಾಕ್ಟರಮ್ಮ ಆ ಬಟ್ಟೆಯನ್ನೂ ಕರುಗಳ ಸಾಲನ್ನೂ ನೋಡಿದಳು. ಚಿಕ್ಕಮ್ಮನೇನು ದಡ್ಡಿಯಲ್ಲ, ಅರ್ಥವಾಯಿತು. ಸೋತದ್ದರ ಬಾಯಿಂದ ಗಟ್ಟಿಯಿರುವುದರ ಬಾಯಿಗೆ, ಸಾಲಾಗಿ, ತಾನೇ ರೋಗ ಹಂಚುತ್ತ ಹೋಗಿದ್ದಳು. ಕರುಣೆ ಮಾಡಿಸಿದ ಕೆಲಸ. ಹಗೆಯವನಾದರೂ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ.

"ಇನ್ನು ಮೇಲೆ ಚೆನ್ನಾಗಿರೋದಕ್ಕೆ ಮೊದಲು, ಕಾಯಿಲೆಯದಕ್ಕೆ ಕೊನೆಗೆ. ಒಂದೊಂದಕ್ಕೂ ಬೇರೆ ನಿಪ್ಪಲ್ ಬಾಟಲಿ, ಕಂಬಿಗೆ ಸಿಕ್ಕಿಸಿಬಿಡಿ. ಕೈಗವಸು ಹಾಕ್ಕೊಳ್ಳಿ. ಬೆರಳು ಮಾತ್ರ ಬೇಡವೇ ಬೇಡ. ನಿಮಗೂ ಅಂಟುತ್ತೆ."

"ನನಗೆ ಅಂಟಿದ್ರೆ ನಾನು ಯಾರಿಗೆ ಅಂಟಿಸ್ಲಿ ತಾಯಿ? ಮನೇಲಿ ಯಾರಿದ್ದಾರೆ?" ಎಂದು ಚಿಕ್ಕಮ್ಮ ನಕ್ಕಳು. ಡಾಕ್ಟರಮ್ಮನಿಗೆ ನಗು ಬರಲಿಲ್ಲ.

ಮಲಗಿದ ಏಳರಲ್ಲಿ ಕರಿಮೂತಿಯದೇ ಚಿಂತೆ. ಹತ್ತು ದಿನದ ಕರು, ಚಿಕ್ಕಮ್ಮನ ಬೆರಳು ಬಿಟ್ಟರೆ ಬೇರೇನೂ ಕಂಡದ್ದಿಲ್ಲ. ಡಾಕ್ಟರಮ್ಮ ಡ್ರಿಪ್ ಹಾಕಿ, "ಎರಡು ದಿನದಲ್ಲಿ ತಾನಾಗಿ ಕುಡೀಲಿಲ್ಲ ಅಂದ್ರೆ ಉಳಿಯಲ್ಲ" ಎಂದು ಹೇಳಿ ಹೋದಳು. ನಿಪ್ಪಲ್ ಇಟ್ಟರೆ ಅದು ಮುಖ ತಿರುಗಿಸುತ್ತಿತ್ತು, ಮಲಗಿದಲ್ಲಿಂದಲೇ ನಾಲಗೆ ಚಾಚಿ ಬೆರಳು ಹುಡುಕುತ್ತಿತ್ತು. ಚಿಕ್ಕಮ್ಮ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವಳು. ಒಂದೇ ಒಂದು ಸಲ ಕೊಟ್ಟುಬಿಡಲೇ ಎನ್ನಿಸುವುದು. ಆದರೆ ಕೊಡಲಿಲ್ಲ.

ಮೂರನೆಯ ಬೆಳಿಗ್ಗೆ ಕರಿಮೂತಿ ನಡುಗುವ ಕಾಲ ಮೇಲೆ ಎದ್ದು ನಿಂತಿತ್ತು. ಬಾಟಲಿ ಸಿಕ್ಕಿಸಿದ್ದೇ ತಡ, ನಿಪ್ಪಲ್ಲಿಗೆ ಬಾಯಿ ಹಾಕಿ, ಬಾಲ ಅಲ್ಲಾಡಿಸುತ್ತ ಗಟಗಟ ಕುಡಿಯಿತು. ಚಿಕ್ಕಮ್ಮನಿಗೆ ಹೋದ ಜೀವ ಬಂದಂತಾಯಿತು. "ಬದುಕಿದೆಯಾ ನನ್ನ ಬಂಗಾರ" ಎಂದು ಕಂಬಿಯ ಹತ್ತಿರ ಹೋದಳು.

ಕರು ಅವಳ ಕಡೆ ನೋಡಲಿಲ್ಲ. ಬಾಟಲಿ ಬರಿದಾದಾಗ ಮೂತಿ ಎತ್ತಿ, ಆ ಬಾಟಲಿಯನ್ನೇ ನೋಡುತ್ತ "ಅಂಬಾ" ಎಂದಿತು.

ಒಂದು ರಬ್ಬರ್ ತುಂಡಿನ ಮೇಲೆ ಹೊಟ್ಟೆಕಿಚ್ಚೇ ಎಂದು ಚಿಕ್ಕಮ್ಮನಿಗೆ ನಾಚಿಕೆಯಾಯಿತು. ಬಾಟಲಿ ಬಿಚ್ಚಿಕೊಂಡು ತೊಳೆಯಲು ಹೋದಳು. ನಲ್ಲಿ ತಿರುಗಿಸಿ, ನೀರಿನ ಸದ್ದು ಜೋರಾದ ಮೇಲೆ ಅತ್ತಳು.