ಕೂಡ ಉಣ್ಣುವವರು

ಗದ್ದದಿಂದ ನೆತ್ತಿಗೆ ಕಟ್ಟಿದ್ದ ಬಟ್ಟೆ ಸಡಿಲವಾಗಿತ್ತು. ರಾಮಾತಾಳ್ ಸತ್ತ ತಮ್ಮನ ತಲೆಯನ್ನು ಎತ್ತಿ ಹಿಡಿದು ಅದನ್ನು ಮತ್ತೆ ಬಿಗಿಯುತ್ತಿದ್ದಳು. ಬದುಕಿದ್ದಾಗ ತಿರುಮಲೈಸಾಮಿಯ ಬಾಯಿ ಮುಚ್ಚಿಸುವುದು ಯಾರಿಂದಲೂ ಆಗಿರಲಿಲ್ಲ; ಈಗಲೂ ಅದು ಒಂದೇ ಸಲಕ್ಕೆ ಮುಚ್ಚಿಕೊಳ್ಳಲು ಒಪ್ಪಲಿಲ್ಲ.

"ನೀನೂ ಒಂದು ಕೈ ಹಿಡಿಯೇ," ಎಂದಳು ತಮ್ಮನ ಹೆಂಡತಿಗೆ.

ಪೆರಿಯನಾಯಕಿ ಹಿಡಿದಳು. ಅಳಲಿಲ್ಲ. ಉಕ್ಕಡಂ ಕೆರೆಯ ಹತ್ತಿರ, ಓಡುವ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದ ಗಂಡನನ್ನು ನಿನ್ನೆ ಸಂಜೆ ಕರುಮತ್ತಂಪಟ್ಟಿಯ ಮನೆಗೆ ತಂದು ಮಲಗಿಸಿದಾಗಿನಿಂದ ಅವಳ ಕಣ್ಣಲ್ಲಿ ಒಂದು ಹನಿ ಇಲ್ಲ. ಅಂಗಳದಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ತಮಿಳಿನಲ್ಲಿ ಒಪ್ಪಾರಿ ಹಾಡಿ ಅಳುತ್ತಿದ್ದರು. ನಡುನಡುವೆ ಉಸಿರೆಳೆದುಕೊಳ್ಳುವಾಗ ಮನೆಮಾತಾದ ಕನ್ನಡದಲ್ಲಿ ಅವಳನ್ನು ಆಡಿಕೊಳ್ಳುತ್ತಿದ್ದರು.

"ಒಂದು ಸೊಟ್ಟು ಕಣ್ಣೀರು ಬಂತಾ ನೋಡು. ಕಲ್ಲು ಮನಸು."

"ಸುಮ್ನಿರಕ್ಕಾ, ಪಾವ. ಒಳಗೇ ಬೇಯ್ತಾ ಅವಳೆ."

ನಿಜವಾಗಿ ಅವಳನ್ನು ಕೊರೆಯುತ್ತಿದ್ದುದು ಒಂದೇ. ಇನ್ನು ಸ್ವಲ್ಪ ಹೊತ್ತಿಗೆ ಸತ್ತವನ ಬಾಯಿಗೆ ಅಕ್ಕಿ ಹಾಕುವ ಶಾಸ್ತ್ರ, ವಾಯ್ಕರಿಸಿ. ಹೆಂಗಸರು ಸುಡುಗಾಡಿಗೆ ಹೋಗುವಂತಿಲ್ಲವಾದ್ದರಿಂದ ಮನೆಯ ಮುಂದೆಯೇ ಹಾಕಬೇಕು. ಅದು ಅವನ ಕೊನೆಯ ಊಟ. ಆ ಊಟವನ್ನೂ ಅವನು ಒಬ್ಬನೇ ಉಣ್ಣಬೇಕಲ್ಲ.

*

ತಿರುಮಲೈಸಾಮಿ ಖಾಸಗಿ ಬಸ್ಸಿನ ಕಂಡಕ್ಟರ್. ಯಾರೋ ಕಾಲೇಜಿನವರು ಸೀಟಿನ ಮೇಲೆ ಇಂಗ್ಲಿಷ್ ಪುಸ್ತಕವೊಂದನ್ನು ಬಿಟ್ಟುಹೋಗಿದ್ದರು. ಕೇಳಿಕೊಂಡು ಬಂದಾರೆಂದು ಅವನು ಅದನ್ನು ತನ್ನ ಚೀಲದಲ್ಲೇ ಇಟ್ಟುಕೊಂಡು ಕಾದ. ಯಾರೂ ಬರಲಿಲ್ಲ. ಕಾಯುತ್ತ ಕಾಯುತ್ತ ಓದತೊಡಗಿದ. ತಮಿಳು ಶಾಲೆಯಲ್ಲಿ ಕಲಿತ ಇಂಗ್ಲಿಷು, ಒಂದು ಪುಟಕ್ಕೆ ಒಂದು ವಾರ ಹಿಡಿಯುತ್ತಿತ್ತು. ಇಂಗ್ಲಿಷ್ ಮಾತುಗಳು ಯಾವ ಲ್ಯಾಟಿನ್ ಬೇರಿನಿಂದ ಚಿಗುರಿದವು ಎಂದು ಹೇಳುವ ಪುಸ್ತಕ ಅದು. ಅವನಿಗೆ ಮೊದಲು ಸಿಕ್ಕಿದ್ದೇ ಅನ್ನ ಕೊಡುವ ಮಾತು. ಬಸ್ಸು ಅನ್ನುವುದು ಆಮ್ನಿಬಸ್ ಅನ್ನುವುದರ ಬಾಲವಂತೆ. ಆಮ್ನಿಬಸ್ ಎಂದರೆ ಎಲ್ಲರಿಗೂ ಎಂದಂತೆ. ಅಲ್ಲಿಂದ ಹುಚ್ಚು ಹಿಡಿಯಿತು. ಕೋಳಿಬುಟ್ಟಿ ಹೊತ್ತ ಮುದುಕಿಯನ್ನು ಹತ್ತಿಸಿಕೊಂಡು, ಮೂಗು ಮುಚ್ಚಿಕೊಂಡ ಮಿಲ್ಲಿನ ಗುಮಾಸ್ತರಿಗೆ ಲ್ಯಾಟಿನ್ ಸಾಕ್ಷಿ ಹೇಳಿ ಬೈಸಿಕೊಳ್ಳುತ್ತಿದ್ದ.

ಮನೆಯಲ್ಲಿ ಕೇಳಲು ಇದ್ದವಳು ಪೆರಿಯನಾಯಕಿ ಒಬ್ಬಳೇ. ಮಕ್ಕಳಿರಲಿಲ್ಲ. ಬೆಳಗ್ಗೆ ಅವಳು ಒಲೆ ಊದುವಾಗ ಅವನು ಬಾಗಿಲಿಗೆ ಒರಗಿ ದಿನಕ್ಕೊಂದು ಮಾತು ಹೇಳುತ್ತಿದ್ದ. ಸ್ಯಾಲರಿಯ ಬೇರು ಉಪ್ಪು ಎಂದು ಕೇಳಿದ ಮೇಲೆ, ಸಂಬಳದ ದಿನ "ಉಪ್ಪು ತಂದ್ರಾ?" ಎಂದು ಅವಳೇ ಕೇಳಿ ನಗುತ್ತಿದ್ದಳು. ಅವಳಿಗೆ ಯಾವ ಅಕ್ಷರವೂ ಬಾರದು. ಆದರೆ ಆ ಮಾತುಗಳು ಬೇಕಾಗಿದ್ದವು. ಬೇರೆ ಗಂಡಂದಿರು ಮನೆಗೆ ತಾರದ ಒಂದನ್ನು ತನ್ನ ಗಂಡ ತರುತ್ತಾನೆ ಎಂದು ಅವಳಿಗೆ ಒಳಗೊಳಗೇ ಜಂಬ.

ಈ ಬೇಸಗೆಯ ಒಂದು ಭಾನುವಾರ ಅವನು ತಟ್ಟೆಯ ಮುಂದೆ ಕುಳಿತು, ಉಣ್ಣದೆ, ಅವಳ ಮುಖ ನೋಡಿದ.

"ಕಂಪ್ಯಾನಿಯನ್ ಅಂತ ಒಂದು ಮಾತೈತೆ ನಾಯಕೀ. ಕೂಡ ಇರೋರು ಅಂತ ಅರ್ಥ. ಆದ್ರೆ ಬೇರು ನೋಡಿದ್ರೆ, ಕೂಡ ಕೂತು ರೊಟ್ಟಿ ತಿನ್ನೋರು."

"ನಮ್ಮನೇಲಿ ರೊಟ್ಟಿ ಎಲ್ಲೈತೆ?"

"ರೊಟ್ಟಿ ಬದ್ಲು ಅನ್ನ, ಸೋರು ಅಂತ ಇಟ್ಕೋ. ನೀನು ಯಾವತ್ತಾದ್ರೂ ನನ್ ಕೂಡ ಉಂಡಿದ್ದೀಯಾ?"

"ನಿಮ್ಮ ತಟ್ಟೇಲೇ ತಾನೇ ಉಣ್ಣೋದು!"

"ನಾನು ಎದ್ದ ಆಮೇಲೆ. ಆಮೇಲೆ ಬೇರೆ, ಕೂಡ ಬೇರೆ."

ಗಂಡಸು ಉಂಡೆದ್ದ ತಟ್ಟೆಯಲ್ಲಿ ಹೆಂಡತಿ ಉಣ್ಣುವುದು ಆ ಮನೆಯಲ್ಲಿ ಅತ್ತೆಯ ಅತ್ತೆಯ ಕಾಲದಿಂದ ಬಂದದ್ದು. ಆದರೂ ಪೆರಿಯನಾಯಕಿ ಕುಳಿತಳು. ಗೋಡೆಯ ಕಡೆ ಮುಖ ಮಾಡಿಕೊಂಡು ಒಂದು ತುತ್ತು ಕಲಸಿದಳು. ನಾಚಿಕೆಗೆ ಬಾಯಿ ತೆರೆಯಲಾಗಲಿಲ್ಲ. ಮಜ್ಜಿಗೆ ತರುತ್ತೇನೆಂದು ಎದ್ದು ಹೋದವಳು ಅಡುಗೆಮನೆಯಲ್ಲೇ ನಿಂತು ನಕ್ಕಳು, ತಿರುಗಿ ಬರಲಿಲ್ಲ. ಅವನು ತನ್ನ ಕಲಸಿದ ಕೈ ಒಣಗುವವರೆಗೂ ಕಾದು, ಕೊನೆಗೆ ಒಬ್ಬನೇ ಉಂಡ.

ಅಲ್ಲಿಂದ ಪ್ರತಿ ಭಾನುವಾರ ಕರೆಯುವುದು ಅವನ ಪಾಡು, ಬರುವ ವಾರ ಎನ್ನುವುದು ಅವಳ ಪಾಡು. ಈ ವಾರ ಮಾತ್ರ ಕುಳಿತೇಬಿಡುವುದೆಂದು ಅವಳು ಗಟ್ಟಿಮನಸ್ಸು ಮಾಡಿದ್ದಳು. ಅವನಿಗೆ ಹೇಳಿರಲಿಲ್ಲ. ಇವತ್ತು ಶುಕ್ರವಾರ.

*

ಹೆಣ ಹೊರುವ ಬಿದಿರಿನ ಪಾಡೆ ಸಿದ್ಧವಾಗಿತ್ತು. ಅದನ್ನು ಕಟ್ಟಿದವನು ಮಾಯಣ್ಣ, ತಿರುಮಲೈಸಾಮಿಯ ಬಸ್ಸಿನ ಡ್ರೈವರ್.

"ಅಣ್ಣ ವಿಸಿಲ್ ಊದದೆ ನಾನು ಗಾಡಿ ಎತ್ತಿದ್ದೇ ಇಲ್ಲಕ್ಕಾ," ಎಂದು ಅವನು ಪೆರಿಯನಾಯಕಿಯ ಮುಂದೆ ಟವೆಲ್ಲಿನಿಂದ ಮುಖ ಒತ್ತಿಕೊಂಡ. "ಇವತ್ತು ಹೆಂಗೆ ಎತ್ತಲಿ?"



ರಾಮಾತಾಳ್ ಗದ್ದದ ಬಟ್ಟೆ ಸಡಿಲಿಸಿದಳು. ನಂಟರು ಒಬ್ಬೊಬ್ಬರಾಗಿ ಬಂದು ಮೊರದಿಂದ ಚಿಟಿಕೆ ಅಕ್ಕಿ ತೆಗೆದು ಆ ತುಟಿಗಳ ನಡುವೆ ಹಾಕಿ ಸರಿದರು. ಕೊನೆಗೆ ಪೆರಿಯನಾಯಕಿಯ ಕೈಗೆ ಒಂದು ಹಿಡಿ ಬಂತು. ಅವಳು ಅದನ್ನು ಹಿಡಿದುಕೊಂಡೇ ಇದ್ದಳು.

"ಬಾಯಿಗೆ ಆಕೇ. ನೇರ ಆಗೋಯ್ತು, ಎತ್ತೋ ಹೊತ್ತು," ಎಂದಳು ರಾಮಾತಾಳ್.

"ಇವರು ಒಬ್ರೇ ಉಣ್ಬೇಕಾ ಅತ್ತಿಗೆ?"

"ಸತ್ತೋರ್ ಕೂಡ ಯಾರೇ ಉಣ್ತಾರೆ? ಬುದ್ಧಿ ಕೆಟ್ಟೋಯ್ತಾ ನಿಂಗೆ?"

ಪೆರಿಯನಾಯಕಿ ನೆಲದ ಮೇಲೆ, ಅವನ ಮುಖಕ್ಕೆ ಎದುರಾಗಿ, ಊಟಕ್ಕೆ ಕೂರುವಂತೆ ಕಾಲು ಮಡಿಸಿ ಕುಳಿತಳು. ಮುಷ್ಟಿಯಿಂದ ಒಂದು ಚಿಟಿಕೆಯನ್ನು ಅವನ ಬಾಯಿಗಿಟ್ಟಳು. ಉಳಿದದ್ದನ್ನು, ರಾಮಾತಾಳ್ ಮಣಿಕಟ್ಟು ಹಿಡಿಯುವ ಮೊದಲೇ, ತನ್ನ ಬಾಯಿಗೆ ಹಾಕಿಕೊಂಡಳು.

"ಅಯ್ಯಯ್ಯೋ, ಉಗುಳೇ! ಎಣದ ಅಕ್ಕಿ ಕಣೇ ಅದು!"

ಅವಳು ಇಲ್ಲವೆಂದು ತಲೆಯಾಡಿಸಿದಳು. ಆಗ ಕಣ್ಣೀರು ಬಂತು, ಬಂದದ್ದು ನಿಲ್ಲಲಿಲ್ಲ. ಅದನ್ನು ಒರೆಸಿಕೊಳ್ಳದೆ ಗಂಡನನ್ನೇ ನೋಡುತ್ತ ಅಗಿದಳು. ಒಪ್ಪಾರಿ ನಿಂತುಹೋಯಿತು. ಹಸಿ ಅಕ್ಕಿ ಹಲ್ಲಿಗೆ ಸಿಕ್ಕಿ ಕಟಕಟ ಎನ್ನುವುದು ಅಂಗಳದ ಕೊನೆಯವರೆಗೂ ಕೇಳಿಸುತ್ತಿತ್ತು. ಪಾಡೆಗೆ ಕೈ ಹಚ್ಚಿದ್ದ ಮಾಯಣ್ಣ ಕೈ ತೆಗೆದು ನಿಂತ. ಅವಳು ಉಂಡು ಮುಗಿಸುವವರೆಗೂ ಯಾರೂ ತಿರುಮಲೈಸಾಮಿಯನ್ನು ಎತ್ತಲಿಲ್ಲ.